ಲೆಕ್ಕ ಕಲಿಸಿದ ಟೀಚರ್, ಸುಳ್ಳು ಲೆಕ್ಕ ಬರೆದ ಯಜಮಾನರು

2023ರ ಅಕ್ಟೋಬರ್ 13, ಶುಕ್ರವಾರ. ರಾತ್ರಿ ಬುಲೆಟಿನ್‌ಗೆ ಕೂರುವ ಹೊತ್ತಿಗೆ ಡೆಸ್ಕ್‌ನಿಂದ ಒಂದು ಸುದ್ದಿ ಬಂತು. ಆ್ಯಕ್ಟಿವಿಷನ್ ಬ್ಲಿಜಾರ್ಡ್ ಎಂಬ ವಿಡಿಯೊ ಗೇಮ್ ಕಂಪನಿಯನ್ನು ಮೈಕ್ರೋಸಾಫ್ಟ್ ಕೊಂಡುಕೊಂಡಿದೆ. ಒಪ್ಪಂದದ ಮೊತ್ತ 68.7 ಬಿಲಿಯನ್ ಡಾಲರ್. ನಮ್ಮ ರೂಪಾಯಿಯಲ್ಲಿ ಐದೂವರೆ ಲಕ್ಷ ಕೋಟಿಗೂ ಮೇಲೆ. ಆ ವರ್ಷ ಕರ್ನಾಟಕ ಸರ್ಕಾರದ ಇಡೀ ಬಜೆಟ್ಟೇ 3.27 ಲಕ್ಷ ಕೋಟಿ ಇತ್ತು ಅಂದರೆ ಅಂದಾಜು ಮಾಡಿಕೊಳ್ಳಿ. ಆದರೆ ಆ ವಾರ ಪರದೆ ತುಂಬ ಇಸ್ರೇಲ್, ಗಾಜಾ. ಈ ಸುದ್ದಿಗೆ ಸಿಕ್ಕಿದ್ದು ನಲವತ್ತು ಸೆಕೆಂಡ್. ಓದಿದೆ, ಮುಂದಕ್ಕೆ ಹೋದೆ.

ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲೇ ಇನ್ನೊಂದು ಕಂಪನಿ ಬಾಗಿಲು ಹಾಕಿತ್ತು. ಹೆಸರು ಜಂಪ್‌ಸ್ಟಾರ್ಟ್ ಗೇಮ್ಸ್. ಮಕ್ಕಳಿಗೆ ಆಟದ ಮೂಲಕ ಪಾಠ ಹೇಳುವ ಸಾಫ್ಟ್‌ವೇರ್ ಮಾಡುತ್ತಿತ್ತು. ಅದಕ್ಕೆ ನಾವು ನಾಲ್ಕು ಸೆಕೆಂಡನ್ನೂ ಕೊಟ್ಟಿರಲಿಲ್ಲ. ಆಮೇಲೆ ಕೂತು ಓದಿದಾಗ ಗೊತ್ತಾಯಿತು ನೋಡಿ, ಲಕ್ಷಾಂತರ ಕೋಟಿಗೆ ಮಾರಾಟವಾದ ಬ್ಲಿಜಾರ್ಡ್ ಮತ್ತು ಸದ್ದಿಲ್ಲದೆ ಮುಚ್ಚಿದ ಜಂಪ್‌ಸ್ಟಾರ್ಟ್ ಕೈಗೆ ಕೊನೆಗೆ ಬಂದಿದ್ದ ಮ್ಯಾಥ್ ಬ್ಲಾಸ್ಟರ್ ಎಂಬ ಗಣಿತದ ಆಟ, ಎರಡೂ ಒಂದು ಕಾಲದಲ್ಲಿ ಒಂದೇ ಮನೆಯ ಸೊತ್ತು. ಆ ಮನೆ ಕಟ್ಟಿದವರು ಒಬ್ಬ ಟ್ಯೂಷನ್ ಟೀಚರ್. ಹೆಸರು ಜ್ಯಾನ್ ಡೇವಿಡ್‌ಸನ್.

ವೀಕ್ಷಕರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರೋ ಗೊತ್ತಿಲ್ಲ. ನಾನಂತೂ ಕೇಳಿರಲಿಲ್ಲ. ಸ್ಟೀವ್ ಜಾಬ್ಸ್ ಗೊತ್ತು, ಬಿಲ್ ಗೇಟ್ಸ್ ಗೊತ್ತು. ಅವರು ಗ್ಯಾರೇಜಿನಲ್ಲಿ ಕೂತಿದ್ದು, ಕಾಲೇಜು ಬಿಟ್ಟಿದ್ದು, ಎಲ್ಲ ನಮಗೆ ಬಾಯಿಪಾಠ. ಜ್ಯಾನ್ ಕಾಲೇಜು ಬಿಟ್ಟವರಲ್ಲ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮಾಡಿದವರು, ಅದೂ ಕಂಪ್ಯೂಟರ್‌ನಲ್ಲಲ್ಲ, ಅಮೆರಿಕನ್ ಸ್ಟಡೀಸ್‌ನಲ್ಲಿ. 1970ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ಲಾಸ್ ಏಂಜಲಿಸ್ ಸುತ್ತಮುತ್ತಲಿನ ಮಕ್ಕಳಿಗೆ ಶಾಲೆ ಬಿಟ್ಟ ಮೇಲೆ ಪಾಠ ಹೇಳುವ ಒಂದು ಕೇಂದ್ರ ನಡೆಸುತ್ತಿದ್ದರು. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಸಂಜೆ ಟ್ಯೂಷನ್. ಅಪ್‌ವರ್ಡ್ ಬೌಂಡ್ ಅಂತ ಅದರ ಹೆಸರು.

ಆಗ ತಾನೇ ಆಪಲ್ 2 ಕಂಪ್ಯೂಟರ್ ಬಂದಿತ್ತು. ಈಗಿನ ಮಕ್ಕಳಿಗೆ ತೋರಿಸಿದರೆ ಹಳೇ ಟೈಪ್‌ರೈಟರ್ ಮೇಲೆ ಟೀವಿ ಇಟ್ಟ ಹಾಗೆ ಕಾಣುತ್ತೆ. ಮೇಡಂ ಒಂದನ್ನು ಕೇಂದ್ರಕ್ಕೆ ತಂದರು. ತಂದ ಮೇಲೆ ತಲೆನೋವು ಶುರು. ಮಕ್ಕಳು ಅದರ ಮುಂದೆ ಕೂರುವುದಕ್ಕೆ ಜಗಳವಾಡುತ್ತಾರೆ, ಸರಿ. ಆದರೆ ಕೂತು ಕಲಿಯುವುದಕ್ಕೆ ಏನಿದೆ? ಆಟದ ಪ್ರೋಗ್ರಾಂ ಬರೆದವರಿಗೆ ಪಾಠ ಗೊತ್ತಿಲ್ಲ, ಪಾಠದ ಪ್ರೋಗ್ರಾಂ ಬರೆದವರಿಗೆ ಮಕ್ಕಳು ಗೊತ್ತಿಲ್ಲ. ಹೀಗಾಗಿ ಅವರು ಪ್ರೋಗ್ರಾಮರ್ ಒಬ್ಬರನ್ನು ಹಿಡಿದು, ತನಗೆ ಏನು ಬೇಕು ಅಂತ ಹೇಳಿ ಮಾಡಿಸಿಕೊಂಡರು. ಒಂದು ವೇಗವಾಗಿ ಓದುವುದನ್ನು ಅಭ್ಯಾಸ ಮಾಡಿಸುವುದಕ್ಕೆ, ಒಂದು ಶಬ್ದಗಳ ಅರ್ಥ ಕಲಿಸುವುದಕ್ಕೆ, ಇನ್ನೊಂದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದಕ್ಕೆ. ಆ ಕೊನೆಯದ್ದೇ 1983ರಲ್ಲಿ ಅಂಗಡಿಗೆ ಬಂದ ಮ್ಯಾಥ್ ಬ್ಲಾಸ್ಟರ್. ಅಷ್ಟು ಹೊತ್ತಿಗೆ ಡೇವಿಡ್‌ಸನ್ ಆ್ಯಂಡ್ ಅಸೋಸಿಯೇಟ್ಸ್ ಅಂತ ಸ್ವಂತ ಕಂಪನಿಯೂ ಆಗಿತ್ತು. ಪತಿ ಬಾಬ್ ಡೇವಿಡ್‌ಸನ್ ದೊಡ್ಡ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಅಧಿಕಾರಿ. 1989ರಲ್ಲಿ ಅದನ್ನು ಬಿಟ್ಟು ಹೆಂಡತಿ ಕಟ್ಟಿದ ಕಂಪನಿಗೆ ಬಂದು ಸೇರಿಕೊಂಡರು. ಹೆಂಡತಿ ಕಂಪನಿಗೆ ಗಂಡ ಕೆಲಸಕ್ಕೆ ಸೇರೋದು. 1989ರಲ್ಲಿ ಅಮೆರಿಕದಲ್ಲೂ ಇದೇನು ದಿನಾ ನಡೆಯುವ ವಿಷಯ ಆಗಿರಲಿಲ್ಲ.

ಮ್ಯಾಥ್ ಬ್ಲಾಸ್ಟರ್ ಹೇಗಿತ್ತು? ಪರದೆ ಮೇಲೆ ಒಂದು ಲೆಕ್ಕ ಬರುತ್ತೆ. ಕೆಲವು ಉತ್ತರಗಳು ಕಾಣುತ್ತವೆ. ಸಮಯ ಮೀರುವುದರೊಳಗೆ ಸರಿ ಉತ್ತರಕ್ಕೆ ಗುರಿ ಇಟ್ಟು ಹಾರಿಸಬೇಕು. ಅಷ್ಟೇ. ಜೊತೆಗೆ ಟೀಚರ್ ತಾನೇ ಲೆಕ್ಕಗಳನ್ನು ಸೇರಿಸುವ ಅವಕಾಶ ಕೊಟ್ಟಿದ್ದರು. ನನಗೆ ಇಷ್ಟವಾದದ್ದು ಇದು. ತರಗತಿಯಲ್ಲಿ ನಿಂತವರಿಗೆ ಮಾತ್ರ ಹೊಳೆಯುವ ವಿಷಯ. ಈ ವಾರ ಹುಡುಗರು ಏಳರ ಮಗ್ಗಿಯಲ್ಲಿ ಎಡವುತ್ತಿದ್ದಾರೆ ಅಂದರೆ ಏಳರ ಮಗ್ಗಿಯನ್ನೇ ಆಟಕ್ಕೆ ಹಾಕಬೇಕು.

ಶಿಕ್ಷಣ ತಜ್ಞರು ಇಂಥ ಆಟಗಳನ್ನು ಬೈದರು, ಅದನ್ನೂ ಹೇಳಿಬಿಡುತ್ತೇನೆ. ಇದರಲ್ಲಿ ಕಲಿಕೆ ಎಲ್ಲಿದೆ, ಬರೀ ಕಂಠಪಾಠಕ್ಕೆ ಬಣ್ಣ ಬಳಿದಿದ್ದೀರಿ ಅಂತ. ಬೈಗುಳದಲ್ಲಿ ಅರ್ಥವಿದೆ. ನಮ್ಮ ಅಳಗುಳಿಮಣೆ ನೆನಪು ಮಾಡಿಕೊಳ್ಳಿ. ಅಜ್ಜಿ ಜೊತೆ ಕೂತು ಹುಣಸೆಬೀಜ ಹಾಕುತ್ತಾ ಹೋದರೆ ಎಣಿಕೆಯೇ ಆಟ. ಯಾವ ಮನೆಯಿಂದ ಎತ್ತಿದರೆ ಎಲ್ಲಿಗೆ ಮುಗಿಯುತ್ತೆ ಅಂತ ತಲೆಯಲ್ಲೇ ಲೆಕ್ಕ ಹಾಕದವನು ಸೋಲುತ್ತಾನೆ. ಅಲ್ಲಿ ಲೆಕ್ಕವನ್ನೂ ಆಟವನ್ನೂ ಬಿಡಿಸೋಕೆ ಆಗಲ್ಲ. ಮ್ಯಾಥ್ ಬ್ಲಾಸ್ಟರ್‌ನಲ್ಲಿ ಹಾಗಲ್ಲ. ಲೆಕ್ಕ ಟಿಕೆಟ್ಟು, ಗುಂಡು ಹಾರಿಸುವುದು ಸಿನಿಮಾ. ಹಾಗಂತ ಬೈದವರ ಮಾತು ಮಕ್ಕಳ ತಾಯಂದಿರಿಗೆ ಕೇಳಿಸಲಿಲ್ಲ. ಮಗು ತಾನಾಗಿ ಕೂತು ಅರ್ಧ ಗಂಟೆ ಗುಣಾಕಾರ ಮಾಡುತ್ತಿದೆ ಅಂದರೆ ಯಾವ ತಾಯಿ ಬೇಡ ಅಂತಾಳೆ? ಅಮೆರಿಕದ ಒಂದು ಇಡೀ ತಲೆಮಾರು ಈ ಆಟದ ಮುಂದೆ ಕೂತು ಬೆಳೆಯಿತು. ಹೊಸ ಹೊಸ ಆವೃತ್ತಿ ಬಂದವು, ಬಾಹ್ಯಾಕಾಶದ ನಾಯಕ ಬಂದ, ಸಿ.ಡಿ. ಬಂತು. 1993ರಲ್ಲಿ ಕಂಪನಿ ಷೇರು ಮಾರುಕಟ್ಟೆಗೂ ಇಳಿಯಿತು.

ಈಗ ಕಥೆಯ ಇನ್ನೊಂದು ಕೊಂಬೆ. 1991ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕ್ಯಾಂಪಸ್‌ನಲ್ಲಿ ಓದಿದ ಮೂವರು ಹುಡುಗರು, ಅಲೆನ್ ಆಡಮ್, ಮೈಕ್ ಮೊರ್‌ಹೈಮ್, ಫ್ರಾಂಕ್ ಪಿಯರ್ಸ್, ಒಂದು ಗೇಮ್ ಕಂಪನಿ ಶುರು ಮಾಡಿದರು. ಸಿಲಿಕಾನ್ ಆ್ಯಂಡ್ ಸಿನಾಪ್ಸ್ ಅಂತ ಹೆಸರು. ಒಳ್ಳೆಯ ಆಟಗಳನ್ನೇ ಮಾಡಿದರು, ಕೈಯಲ್ಲಿ ಮಾತ್ರ ಕಾಸಿಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ದುಡ್ಡು ಎಳೆದು ನೌಕರರಿಗೆ ಸಂಬಳ ಕೊಡುವ ಪರಿಸ್ಥಿತಿ. 1994ರ ಆರಂಭದಲ್ಲಿ ಡೇವಿಡ್‌ಸನ್ ದಂಪತಿ ಈ ಪುಟ್ಟ ಕಂಪನಿಯನ್ನು 67.5 ಲಕ್ಷ ಡಾಲರ್‌ಗೆ ಕೊಂಡುಕೊಂಡರು. ಮಕ್ಕಳ ಪಾಠದ ಕಂಪನಿ ರಾಕ್ಷಸರ ಯುದ್ಧದ ಆಟ ಮಾಡುವವರನ್ನು ಕೊಂಡಿತು!

ಇಲ್ಲೊಂದು ತಮಾಷೆ ಇದೆ. ಹುಡುಗರು ಆಗಲೇ ಕಂಪನಿ ಹೆಸರನ್ನು ಕೇಯಾಸ್ ಅಂತ, ಅಂದರೆ ಗೊಂದಲ ಅಂತ ಬದಲಿಸಿಕೊಂಡಿದ್ದರು. ಆ ಹೆಸರಿನ ಹಕ್ಕು ಬೇರೆಯವರದ್ದು ಅಂತ ತಕರಾರು ಬಂತು. ಸರಿ, ಓಗರ್ ಅಂತ ಇಡೋಣ ಅಂದರು. ಓಗರ್ ಅಂದರೆ ಮನುಷ್ಯರನ್ನು ತಿನ್ನುವ ರಾಕ್ಷಸ. ಡೇವಿಡ್‌ಸನ್‌ನವರು ಒಪ್ಪಲಿಲ್ಲ. ಪಾಪ, ಹೇಗೆ ಒಪ್ಪುತ್ತಾರೆ? ಒಂದನೇ ಕ್ಲಾಸಿನ ಮಕ್ಕಳಿಗೆ ಸಿ.ಡಿ. ಮಾರುವ ಕಂಪನಿಯ ಪೆಟ್ಟಿಗೆ ಪಕ್ಕದಲ್ಲಿ ನರಭಕ್ಷಕ ರಾಕ್ಷಸ! ಆಡಮ್ ನಿಘಂಟು ತೆಗೆದು ಮೊದಲಿನಿಂದ ಹುಡುಕುತ್ತಾ ಹೋದರು. ವಕೀಲರು ಮೊದಲು ಒಪ್ಪಿದ ಶಬ್ದ ಬ್ಲಿಜಾರ್ಡ್, ಹಿಮ ಬಿರುಗಾಳಿ. ಇವತ್ತು ಜಗತ್ತಿಗೆಲ್ಲ ಗೊತ್ತಿರುವ ಆ ಹೆಸರಿನ ಹಿಂದೆ ಟೀಚರಮ್ಮನ ಕಂಪನಿಯ ಒಂದು ನಕಾರ ಇದೆ.

ಹೆಸರಿಗೆ ಬೇಡ ಅಂದವರು ಕೆಲಸಕ್ಕೆ ಅಡ್ಡ ಬರಲಿಲ್ಲ, ಇದು ಮುಖ್ಯ. ಹುಡುಗರಿಗೆ ಬೇಕಾದ ಆಟ ಮಾಡುವ ಸ್ವಾತಂತ್ರ್ಯ ಇತ್ತು. ಪಾಠದ ಸಾಫ್ಟ್‌ವೇರ್ ಮಾರಲು ಕಟ್ಟಿದ್ದ ವಿತರಣಾ ಜಾಲ ಅವರ ಆಟಕ್ಕೂ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ವಾರ್‌ಕ್ರಾಫ್ಟ್ ಬಂತು. ಮುಂದಿನ ವರ್ಷ ಅದರ ಎರಡನೇ ಭಾಗ. ಮನೆಯಲ್ಲಿ ಗೇಮ್ ಆಡುವ ಹುಡುಗರಿದ್ದರೆ ಕೇಳಿ, ಉಳಿದದ್ದನ್ನು ಅವರೇ ಹೇಳುತ್ತಾರೆ.

1996ರ ಫೆಬ್ರುವರಿ. ಈ ಇಡೀ ಮನೆಯನ್ನು ಕೊಳ್ಳಲು ಒಬ್ಬರು ಬಂದರು. ಸಿಯುಸಿ ಇಂಟರ್‌ನ್ಯಾಷನಲ್. ಅವರ ವ್ಯಾಪಾರ ಏನು? ಸದಸ್ಯತ್ವ ಮಾರುವುದು. ವರ್ಷಕ್ಕೆ ಇಷ್ಟು ಕಟ್ಟಿ ನಮ್ಮ ಕ್ಲಬ್ಬಿಗೆ ಸೇರಿ, ಶಾಪಿಂಗ್‌ಗೆ ಡಿಸ್ಕೌಂಟ್, ಪ್ರವಾಸಕ್ಕೆ ಡಿಸ್ಕೌಂಟ್. ಮಕ್ಕಳಿಗೂ ಪಾಠಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಮುಖ್ಯಸ್ಥ ವಾಲ್ಟರ್ ಫೋರ್ಬ್ಸ್. ಡೇವಿಡ್‌ಸನ್ ಜೊತೆಗೆ ಸಿಯೆರಾ ಆನ್‌ಲೈನ್ ಎಂಬ ಇನ್ನೊಂದು ಹೆಸರಾಂತ ಗೇಮ್ ಕಂಪನಿಯನ್ನೂ ಒಂದೇ ಏಟಿಗೆ ಕೊಳ್ಳುವುದಾಗಿ ಪ್ರಕಟಿಸಿದರು. ಎರಡೂ ಸೇರಿ ಒಂದೂವರೆ ಬಿಲಿಯನ್ ಡಾಲರ್‌ಗೂ ಹೆಚ್ಚು. ಕೊಟ್ಟಿದ್ದು ನಗದಲ್ಲ, ಸಿಯುಸಿಯ ಷೇರು. ಷೇರಿನ ಬೆಲೆ ನಿಂತಿರುವುದು ಕಂಪನಿ ತೋರಿಸುವ ಲಾಭದ ಮೇಲೆ. ಲಾಭ ನಿಂತಿರುವುದು ಲೆಕ್ಕದ ಪುಸ್ತಕದ ಮೇಲೆ. ಆ ಪುಸ್ತಕವೇ ಸುಳ್ಳು.

ಹೇಗೆ ಸುಳ್ಳು? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹಗರಣ ಅಂದರೆ ಸೂಟ್‌ಕೇಸ್, ನೋಟಿನ ಕಂತೆ ಅಂತ ನಾವು ಟೀವಿಯವರೇ ಅಭ್ಯಾಸ ಮಾಡಿಸಿಬಿಟ್ಟಿದ್ದೇವೆ. ಇಲ್ಲಿ ಅದೇನೂ ಇಲ್ಲ. ಒಂದು ಕಂಪನಿ ಇನ್ನೊಂದನ್ನು ಕೊಂಡಾಗ ಕಚೇರಿ ಒಂದು ಮಾಡಬೇಕು, ಕೆಲವರನ್ನು ಮನೆಗೆ ಕಳಿಸಬೇಕು, ಖರ್ಚಿದೆ. ಅದಕ್ಕೆ ಅಂತ ಒಂದು ಮೊತ್ತವನ್ನು ಮೊದಲೇ ಖರ್ಚು ಬರೆದು ಮೀಸಲು ಇಡಬಹುದು. ಒಂದು ಸಲದ ಖರ್ಚು ಅಂತ ಷೇರುದಾರರೂ ತಲೆ ಕೆಡಿಸಿಕೊಳ್ಳಲ್ಲ. ಸಿಯುಸಿಯವರು ಬೇಕಾದ್ದಕ್ಕಿಂತ ಜಾಸ್ತಿ ಮೀಸಲಿಟ್ಟು, ಆಮೇಲೆ ಲಾಭ ಕಡಿಮೆ ಬಿದ್ದ ಹೊತ್ತಲ್ಲಿ ಅಲ್ಲಿಂದ ತೆಗೆದು ತೆಗೆದು ಲಾಭದ ಸಾಲಿಗೆ ಹಾಕಿದರು. ಮಗಳ ಮದುವೆಗೆ ಹತ್ತು ಲಕ್ಷ ಖರ್ಚಾಯಿತು ಅಂತ ಊರಿಗೆಲ್ಲ ಹೇಳಿ, ಆರು ಲಕ್ಷದಲ್ಲಿ ಮುಗಿಸಿ, ಉಳಿದ ನಾಲ್ಕನ್ನು ತಿಂಗಳಿಗಿಷ್ಟು ಅಂತ ತೋರಿಸಿ ನನ್ನ ಸಂಬಳ ಏರ್ತಾ ಇದೆ ಅಂದ ಹಾಗೆ. ದುಡ್ಡು ಮುಗಿದ ಮೇಲೆ? ಇನ್ನೊಂದು ಮದುವೆ ಬೇಕು, ಈ ಸಲ ಇನ್ನೂ ದೊಡ್ಡದು. ಡೇವಿಡ್‌ಸನ್ ಖರೀದಿ ಇದೇ ಕಾರಣಕ್ಕೆ ನಡೆಯಿತು ಅಂತ ನಾನು ಹೇಳುತ್ತಿಲ್ಲ. ಆದರೆ ಇಂಥ ಯಜಮಾನನಿಗೆ ಕೊಂಡ ಕಂಪನಿ ಒಳಗೆ ಏನು ಮಾಡುತ್ತೆ ಅನ್ನುವುದಕ್ಕಿಂತ ಕೊಳ್ಳುತ್ತಾ ಇರುವುದೇ ಮುಖ್ಯವಾಗಿರುತ್ತೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಬಾಬ್ ಮತ್ತು ಜ್ಯಾನ್ ಮಾರಿದ ಮೇಲೆ ಹೆಚ್ಚು ದಿನ ನಿಲ್ಲಲಿಲ್ಲ. 1997ರ ಆರಂಭದಲ್ಲೇ ಹೊರಬಂದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸಿಯುಸಿ ಇನ್ನೂ ದೊಡ್ಡ ಮದುವೆ ಮಾಡಿಕೊಂಡಿತು. ಹೋಟೆಲ್ ಬ್ರ್ಯಾಂಡ್‌ಗಳ ಎಚ್‌ಎಫ್‌ಎಸ್ ಕಂಪನಿ ಜೊತೆ ಸೇರಿ ಸೆಂಡೆಂಟ್ ಆಯಿತು. ಹೊಸ ಸಂಬಂಧಿಕರು ಮನೆಯ ಲೆಕ್ಕ ನೋಡೋಕೆ ಶುರು ಮಾಡಿದರು. ಸಿಕ್ಕಿಬಿತ್ತು.

ದಿನಾಂಕಗಳನ್ನು ಸ್ವಲ್ಪ ಗಮನಿಸಿ. 1998ರ ಮಾರ್ಚ್ 31ಕ್ಕೆ ಬ್ಲಿಜಾರ್ಡ್‌ನ ಸ್ಟಾರ್‌ಕ್ರಾಫ್ಟ್ ಬಿಡುಗಡೆ. ದಕ್ಷಿಣ ಕೊರಿಯಾದಲ್ಲಿ ಮುಂದೆ ಟೀವಿ ಚಾನೆಲ್‌ಗಳೇ ಹುಟ್ಟಿಕೊಳ್ಳುವಷ್ಟು ಹುಚ್ಚು ಹಿಡಿಸಿದ ಆಟ. ಏಪ್ರಿಲ್ 15ಕ್ಕೆ, ಹದಿನೈದೇ ದಿನದಲ್ಲಿ, ನಮ್ಮ ಪುಸ್ತಕದಲ್ಲಿ ತಪ್ಪುಗಳಿವೆ ಅಂತ ಸೆಂಡೆಂಟ್ ಪ್ರಕಟಣೆ. ಮಾರನೇ ದಿನ ಒಂದೇ ದಿನಕ್ಕೆ ಷೇರಿನ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿಯಿತು, ಹದಿನಾಲ್ಕು ಬಿಲಿಯನ್ ಡಾಲರ್ ಆವಿಯಾಯಿತು. ತನಿಖೆಯಲ್ಲಿ ಸಿಕ್ಕಿದ್ದು ಮೂರು ವರ್ಷಕ್ಕೆ ಸುಮಾರು 50 ಕೋಟಿ ಡಾಲರ್ ಸುಳ್ಳು ಲಾಭ. ಅಮೆರಿಕದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಲೆಕ್ಕಪತ್ರ ವಂಚನೆಗಳಲ್ಲಿ ಒಂದು. ಎನ್ರಾನ್ ಬಂದ ಮೇಲೆ ಜನ ಇದನ್ನು ಮರೆತರು. ಷೇರುದಾರರ ದಾವೆಗೆ ಸೆಂಡೆಂಟ್ 2.85 ಬಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಲೆಕ್ಕ ಪರಿಶೋಧನೆ ಮಾಡಿದ್ದ ಅರ್ನ್ಸ್ಟ್ ಆ್ಯಂಡ್ ಯಂಗ್ 33.5 ಕೋಟಿ ಡಾಲರ್ ತೆತ್ತಿತು. ನನಗೇನೂ ಗೊತ್ತಿರಲಿಲ್ಲ ಎಂದೇ ವಾದಿಸಿದ ಫೋರ್ಬ್ಸ್‌ಗೆ ಎರಡು ವಿಚಾರಣೆಯಲ್ಲಿ ಜ್ಯೂರಿ ಒಮ್ಮತಕ್ಕೆ ಬರಲಿಲ್ಲ. ಮೂರನೆಯದರಲ್ಲಿ, 2006ರಲ್ಲಿ, ಅಪರಾಧ ಸಾಬೀತಾಯಿತು. 2007ರ ಜನವರಿಯಲ್ಲಿ 12 ವರ್ಷ 7 ತಿಂಗಳ ಜೈಲು ಶಿಕ್ಷೆ ಬಿತ್ತು.

ಜೈಲಿಗೆ ಹೋಗಬೇಕಾದವರು ಹೋದರು, ಸರಿ. ಮಕ್ಕಳ ಪಾಠ ಏನಾಯಿತು?

1998ರ ಕೊನೆಗೆ ಸೆಂಡೆಂಟ್ ತನ್ನ ಸಾಫ್ಟ್‌ವೇರ್ ವಿಭಾಗವನ್ನೆಲ್ಲ ಫ್ರಾನ್ಸ್‌ನ ಹಾವಾಸ್ ಕಂಪನಿಗೆ ಮಾರಿತು. ಅದನ್ನು ನುಂಗಿದ್ದು ವಿವೆಂಡಿ. 1999ರ ಫೆಬ್ರುವರಿಯಲ್ಲಿ ಸಿಯೆರಾ ಬೆಳೆದ ಓಕ್‌ಹರ್ಸ್ಟ್ ಊರಿನ ಸ್ಟುಡಿಯೊ ಒಂದು ಸೋಮವಾರ ಬೆಳಗ್ಗೆ ಮುಚ್ಚಿತು. ಬ್ಲಿಜಾರ್ಡ್ ಬದುಕಿತು. ಯಜಮಾನರು ಎಷ್ಟೇ ಬದಲಾಗಲಿ, ಆಟ ಚೆನ್ನಾಗಿದ್ದರೆ ದುಡ್ಡು ತರುತ್ತೆ, ದುಡ್ಡು ತರುವ ಹಸುವನ್ನು ಯಾರೂ ಕಟುಕರಿಗೆ ಕೊಡಲ್ಲ. 2004ರಲ್ಲಿ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಬಂತು. 2010ರ ಹೊತ್ತಿಗೆ ತಿಂಗಳು ತಿಂಗಳು ದುಡ್ಡು ಕಟ್ಟಿ ಆಡುವವರ ಸಂಖ್ಯೆ 1.2 ಕೋಟಿ ದಾಟಿತು. ಮ್ಯಾಥ್ ಬ್ಲಾಸ್ಟರ್ ಮಾತ್ರ ನಾಲೆಡ್ಜ್ ಅಡ್ವೆಂಚರ್ ಎಂಬ ಇನ್ನೊಂದು ಕಂಪನಿಯ ಜೋಳಿಗೆಗೆ ಬಿತ್ತು. ಅದೇ ಮುಂದೆ ಜಂಪ್‌ಸ್ಟಾರ್ಟ್. ಅದನ್ನು 2017ರಲ್ಲಿ ಚೀನಾದ ನೆಟ್‌ಡ್ರ್ಯಾಗನ್ ಕೊಂಡಿತು. 2023ರ ಜೂನ್‌ನಲ್ಲಿ ಏನಾಯಿತು ಅಂತ ಮೊದಲೇ ಹೇಳಿದೆ.

ಇದೊಂದೇ ಕಂಪನಿಯ ಹಣೆಬರಹ ಅಂತ ನೀವು ಅನ್ನಬಹುದು. ಅಲ್ಲ. ಆ್ಯನ್ ಪೀಸ್ಟ್ರಪ್ ಎಂಬ ಇನ್ನೊಬ್ಬ ಶಿಕ್ಷಣತಜ್ಞೆ 1980ರಲ್ಲಿ ಶುರು ಮಾಡಿದ್ದ ದ ಲರ್ನಿಂಗ್ ಕಂಪನಿಯನ್ನು 1995ರಲ್ಲಿ ಸಾಫ್ಟ್‌ಕೀ ಎಂಬ ಸಂಸ್ಥೆ ಸುಮಾರು 60 ಕೋಟಿ ಡಾಲರ್‌ಗೆ ಬಲವಂತವಾಗಿ ಕೊಂಡಿತು. ಅದರ ಮುಖ್ಯಸ್ಥ ಕೆವಿನ್ ಓಲಿಯರಿ. ಅಮೆರಿಕದ ಶಾರ್ಕ್ ಟ್ಯಾಂಕ್ ನೋಡುವವರಿಗೆ ಈ ಮುಖ ಪರಿಚಯ. ಖರ್ಚು ಕಡಿತ, ಅಗ್ಗದ ಪೆಟ್ಟಿಗೆ, ಹೊಸ ಖರೀದಿ, ಇದು ಅವರ ದಾರಿ. 1999ರಲ್ಲಿ ಬಾರ್ಬಿ ಗೊಂಬೆ ಮಾಡುವ ಮ್ಯಾಟೆಲ್ ಇದನ್ನೆಲ್ಲ ಸುಮಾರು ಮೂರೂವರೆ ಬಿಲಿಯನ್ ಡಾಲರ್‌ಗೆ ಕೊಂಡಿತು. ಮುಂದಿನ ವರ್ಷವೇ ಕೈತೊಳೆದುಕೊಂಡಿತು, ಕೈಗೆ ನಗದೂ ಬರಲಿಲ್ಲ. ಇಂಟರ್‌ನೆಟ್ ಬಂತು, ಉಚಿತ ಆಟ ಬಂದವು, ಅದಕ್ಕೇ ಮುಳುಗಿದವು ಅಂತಾರೆ. ಅದೂ ಒಂದು ಕಾರಣವೇ. ಆದರೆ ನೀರು ಬರುವ ಮೊದಲೇ ದೋಣಿಯ ಹಲಗೆಗಳನ್ನು ಕಿತ್ತು ಮಾರಿದ್ದರು ಸ್ವಾಮಿ.

ನಾನು ಇದನ್ನೆಲ್ಲ ಓದುತ್ತಿದ್ದ 2023ರಲ್ಲೇ ಬೆಂಗಳೂರಿನ ಬೈಜೂಸ್ ಬಗ್ಗೆ ಚಾನೆಲ್‌ಗಳಲ್ಲಿ ಚರ್ಚೆ. ಅಲ್ಲೂ ಶುರು ಮಾಡಿದ್ದು ಪಾಠ ಹೇಳುವ ಮೇಷ್ಟ್ರೇ. ಅವರೂ ಆಟದ ಮೂಲಕ ಕಲಿಸುವ ಓಸ್ಮೊ, ಮಕ್ಕಳ ಓದಿನ ಎಪಿಕ್, ಇಂಥ ಅಮೆರಿಕದ ಕಂಪನಿಗಳನ್ನು ಒಂದರ ಹಿಂದೆ ಒಂದು ಕೊಂಡಿದ್ದರು. 22 ಬಿಲಿಯನ್ ಡಾಲರ್ ಬೆಲೆ ಕಟ್ಟಿಸಿಕೊಂಡ ಕಂಪನಿಯ ಲೆಕ್ಕಪತ್ರ ಸಮಯಕ್ಕೆ ಸಿಗುತ್ತಿಲ್ಲ ಅಂತ ಹೇಳಿ ಡೆಲಾಯ್ಟ್ ಜೂನ್‌ನಲ್ಲಿ ಲೆಕ್ಕ ಪರಿಶೋಧನೆಯಿಂದ ಹೊರನಡೆದಿತ್ತು. ಸಿಯುಸಿಯನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕುವುದು ಅನ್ಯಾಯ. ಅಲ್ಲಿ ವಂಚನೆ ಕೋರ್ಟಿನಲ್ಲಿ ಸಾಬೀತಾಗಿದೆ. ನಾನು ಗಮನಿಸಿದ್ದು ನಮ್ಮನ್ನೇ. ಅಷ್ಟು ಗಂಟೆಗಳ ಚರ್ಚೆಯಲ್ಲಿ ಸಾಲ, ಷೇರು, ಕ್ರಿಕೆಟ್ ಜೆರ್ಸಿ ಎಲ್ಲ ಬಂತು. ಮಗು ಆ ಆ್ಯಪ್‌ನಲ್ಲಿ ಭಿನ್ನರಾಶಿ ಕಲಿಯಿತಾ ಅಂತ ನನ್ನನ್ನೂ ಸೇರಿಸಿ ಒಬ್ಬರೂ ಕೇಳಲಿಲ್ಲ.

ಜ್ಯಾನ್ ಡೇವಿಡ್‌ಸನ್ ಸುಮ್ಮನೆ ಕೂರಲಿಲ್ಲ. 1999ರಲ್ಲಿ ಗಂಡನ ಜೊತೆ ಸೇರಿ ನೆವಾಡಾದ ರೆನೊ ನಗರದಲ್ಲಿ ಪ್ರತಿಭಾವಂತ ಮಕ್ಕಳಿಗಾಗಿ ಡೇವಿಡ್‌ಸನ್ ಇನ್‌ಸ್ಟಿಟ್ಯೂಟ್ ಕಟ್ಟಿದರು. ಅದರ ಫೆಲೋಶಿಪ್ ಪಟ್ಟಿ ವರ್ಷ ವರ್ಷ ಬಂದಾಗ ಭಾರತೀಯ ಮೂಲದ ಮಕ್ಕಳ ಹೆಸರು ಕಡಿಮೆಯೇನೂ ಇರಲ್ಲ. 2006ರಲ್ಲಿ ನೆವಾಡಾ ವಿಶ್ವವಿದ್ಯಾಲಯದ ರೆನೊ ಆವರಣದಲ್ಲೇ ಡೇವಿಡ್‌ಸನ್ ಅಕಾಡೆಮಿ ಎಂಬ ಶಾಲೆ ತೆರೆಯಿತು. ಸರ್ಕಾರಿ ಶಾಲೆ, ಅಲ್ಲಿನ ಮಕ್ಕಳಿಗೆ ಫೀಸಿಲ್ಲ. ಒಳ್ಳೆಯ ಕೆಲಸ, ಎರಡು ಮಾತಿಲ್ಲ.

ಆದರೂ ನನಗೊಂದು ಕಸಿವಿಸಿ. ಆ ಶಾಲೆಗೆ ಸೇರಬೇಕಾದರೆ ಮಗು ಬುದ್ಧಿಮತ್ತೆಯ ಪರೀಕ್ಷೆಯಲ್ಲಿ ಸಾವಿರಕ್ಕೊಬ್ಬರು ಎನ್ನುವ ಮಟ್ಟದಲ್ಲಿರಬೇಕು. ಮ್ಯಾಥ್ ಬ್ಲಾಸ್ಟರ್ ಮಾಡಿದ್ದು ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಕ್ಕಳಿಗೆ. ಅವರ ಏಳರ ಮಗ್ಗಿಗೆ ಅಂತ ಟೀಚರ್ ಕಟ್ಟಿದ್ದ ಕಂಪನಿ ಷೇರಿಗೆ ಬದಲಾಗಿ ಕೈ ಬದಲಾಯಿತು, ಮತ್ತೆ ಅವರ ಕೈಗೆ ಬರಲೇ ಇಲ್ಲ. ಮಾರದೆ ಇದ್ದಿದ್ದರೆ ಉಳಿಯುತ್ತಿತ್ತಾ? ಅಂಗಡಿಯಲ್ಲಿ ಸಾಫ್ಟ್‌ಕೀಯವರ ಅಗ್ಗದ ಪೆಟ್ಟಿಗೆಗಳ ಮುಂದೆ ಎಷ್ಟು ವರ್ಷ ನಿಲ್ಲುತ್ತಿದ್ದರು? 1996ರಲ್ಲಿ ಆ ಮೇಜಿನ ಮುಂದೆ ನಾನು ಕೂತಿದ್ದರೂ ಸಹಿ ಹಾಕುತ್ತಿದ್ದೆನೇನೋ. ಆ ಅಕ್ಟೋಬರ್ 13ರ ಸ್ಕ್ರಿಪ್ಟನ್ನು ಮೊನ್ನೆ ತೆಗೆಸಿ ನೋಡಿದೆ. ಬ್ಲಿಜಾರ್ಡ್‌ನ ಬೆಲೆ ಎರಡು ಸಲ ಇದೆ. ಮ್ಯಾಥ್ ಬ್ಲಾಸ್ಟರ್ ಒಂದು ಸಲವೂ ಇಲ್ಲ.